ಮೀನಖಂಡಕ್ಕೆ ಟೇಪ್ ಸುತ್ತುವ ಮೊದಲು: ಹಿರಿಯರ ಸ್ನಾಯು ಸೊರಗಿದೆಯಾ ಎಂದು ಮನೆಯಲ್ಲೇ ಅಳೆದು ನೋಡುವ ಕ್ರಮ

"ಮೇಡಂ, ಅಪ್ಪಾರ ಕಾಲು 38 ಬಂತ್ರೀ. ಚಿಂತಿ ಏನಿಲ್ಲ ಅಲ್ರೀ?"

ಹುಬ್ಬಳ್ಳಿಯ ಒಬ್ಬರು ಫೋಟೊ ಸಮೇತ ಕಳಿಸಿದ ಮೆಸೇಜ್ ಇದು. ಫೋಟೊದಲ್ಲಿ ಟೇಪ್ ಮೀನಖಂಡಕ್ಕೆ, ಅಂದರೆ ಮೊಣಕಾಲಿನ ಕೆಳಗೆ ಹಿಂಬದಿ ಉಬ್ಬಿದ ಮಾಂಸಖಂಡಕ್ಕೆ, ಧೋತರದ ಮೇಲೆಯೇ ಸುತ್ತಿತ್ತು. ಅಪ್ಪಾರು ಮಂಚದ ಮೇಲೆ ಕಾಲು ಚಾಚಿ ಮಲಗಿದ್ದರು. ಪಾದ ಎಷ್ಟು ಬಾತಿತ್ತೆಂದರೆ ಬೆರಳುಗಳ ಸಂದೇ ಕಾಣುತ್ತಿರಲಿಲ್ಲ. ಆ 38 ಸೆಂ.ಮೀ.ನಲ್ಲಿ ಸ್ನಾಯು ಎಷ್ಟು, ನೀರು ಎಷ್ಟು, ಧೋತರ ಎಷ್ಟು?

ನಾನು ಹುಬ್ಬಳ್ಳಿ-ಧಾರವಾಡದಲ್ಲಿ ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡುವವಳು. ವಯಸ್ಸಾದವರ ಸ್ನಾಯು ಕರಗುವುದನ್ನು ಬೇಗ ಹಿಡಿಯಲು ಮನೆಯವರಿಗೆ ಟೇಪ್ ಹಿಡಿಯುವುದನ್ನು ಹೇಳಿಕೊಟ್ಟು ಬರುತ್ತೇನೆ. ಆದರೂ ತಪ್ಪು ಆಗುವುದು ಮತ್ತೆ ಮತ್ತೆ ಅದೇ ಜಾಗಗಳಲ್ಲಿ. ಬಾವು ನೋಡದೆ ಅಳೆಯುತ್ತಾರೆ. ಒಂದು ಸಲ ಕೂರಿಸಿ, ಇನ್ನೊಂದು ಸಲ ನಿಲ್ಲಿಸಿ ಅಳೆಯುತ್ತಾರೆ. ಬಂದ ಒಂದೇ ಸಂಖ್ಯೆ ನೋಡಿ ಹೆದರುತ್ತಾರೆ, ಇಲ್ಲವೇ ಹಾಯಾಗಿ ಮಲಗುತ್ತಾರೆ. ಹಾಗಾಗಿ ಪೂರ್ತಿ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಟೇಪ್ ಅಳತೆ ಮೊದಲು, ಮೈ ದಣಿಯುವ ಪರೀಕ್ಷೆ ಕೊನೆಗೆ.

## ತೂಕ ಒಂದನ್ನೇ ನಂಬಬೇಡಿ

ನನ್ನ ಅವ್ವನ ತೂಕ ಎರಡು ವರ್ಷ 61 ಕಿಲೋದಿಂದ ಅಲುಗಲಿಲ್ಲ. ಆಕೆಗೆ ಅದೇ ಹೆಮ್ಮೆ. ಆದರೆ ಜಂಪರ್ (ಬ್ಲೌಸ್) ಹೊಲಿಯುವವರು ತೋಳು ಎರಡು ಸಲ ಒಳಗೆ ಹಿಡಿದಿದ್ದರು, ಸೊಂಟದ ಕಡೆ ಎರಡು ಸಲ ಹೊಲಿಗೆ ಬಿಚ್ಚಿದ್ದರು. ಹಸಿರು ಬಳೆಗಳು ಮುಂಗೈ ದಾಟಿ ಮೊಣಕೈ ಕಡೆ ಜಾರುತ್ತಿದ್ದವು. ದಿನಾ ಇದೇ ಕೆಲಸ ಮಾಡುವ ನನಗೇ ಅದು ಕಾಣಲಿಲ್ಲ. ಟೇಲರ್ ಹೇಳಿದ ಮೇಲೆ ಕಂಡಿತು.

ಆಗಿದ್ದು ಇಷ್ಟೇ. ತೋಳು-ತೊಡೆಯ ಸ್ನಾಯು ಕರಗಿತ್ತು, ಹೊಟ್ಟೆಯ ಕೊಬ್ಬು ಹೆಚ್ಚಿತ್ತು. ತಕ್ಕಡಿಗೆ ಎರಡೂ ಒಂದೇ. ತೂಕ ಇಳಿಯದೆ ಬಲ ಇಳಿಯುವ ಇಂಥವರೇ ಜಾಸ್ತಿ ತಡವಾಗಿ ಸಿಗುತ್ತಾರೆ.

## ಏನೇನು ಹೊಂದಿಸಿಕೊಳ್ಳಬೇಕು

ಬಟ್ಟೆ ಹೊಲಿಯುವವರ ಮೆತ್ತನೆ ಟೇಪ್ ಬೇಕು. ಹಳೆಯ ಟೇಪ್ ಬೇಡ, ಎಳೆದೆಳೆದು ಉದ್ದ ಆಗಿರುತ್ತದೆ. ಮಕ್ಕಳ 30 ಸೆಂ.ಮೀ. ಸ್ಟೀಲ್ ಪಟ್ಟಿಯ ಪಕ್ಕ ಇಟ್ಟು ನೋಡಿ. ಗೆರೆಗೆ ಗೆರೆ ಕೂಡದಿದ್ದರೆ ಎಸೆದು ಹೊಸದು ತನ್ನಿ, ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ನಾಲ್ಕು ಕಾಸಿಗೆ ಸಿಗುತ್ತದೆ. ಬಡಗಿಯವರ ಉಕ್ಕಿನ ಟೇಪ್ ಕಾಲಿಗೆ ಸುತ್ತುವುದಿಲ್ಲ, ಅದನ್ನು ನಡಿಗೆಯ ದೂರ ಅಳೆಯಲು ಇಟ್ಟುಕೊಳ್ಳಿ.

ಟೇಪಿನ ಒಂದು ಬದಿ ಇಂಚು, ಇನ್ನೊಂದು ಬದಿ ಸೆಂ.ಮೀ. ಇರುತ್ತದೆ. ಸೆಂ.ಮೀ. ಬದಿಯನ್ನೇ ಓದಿ. "13 ಬಂತು" ಎಂದು ಗಾಬರಿಯಾದವರಿದ್ದಾರೆ. 13 ಇಂಚು ಅಂದರೆ 33 ಸೆಂ.ಮೀ.

ಉಳಿದದ್ದು: ಗುರುತು ಹಾಕಲು ಬಾಲ್‌ಪೆನ್, ಮೊಬೈಲಿನ ಸ್ಟಾಪ್‌ವಾಚ್, ತೂಕದ ಯಂತ್ರ, ಕೈ ಇಲ್ಲದ ಗಟ್ಟಿ ಮರದ ಕುರ್ಚಿ, ಒಂದು ವಹಿ. ಜೊತೆಗೆ ಇನ್ನೊಬ್ಬರು ಇರಲಿ. ಒಬ್ಬರು ಅಳೆಯಬೇಕು, ಇನ್ನೊಬ್ಬರು ಬರೆಯಬೇಕು. ಪರೀಕ್ಷೆ ಹೊತ್ತಿನಲ್ಲಿ ಬೀಳದಂತೆ ನಿಲ್ಲಲಿಕ್ಕೂ ಆ ಇನ್ನೊಬ್ಬರು ಬೇಕು.

ಬೆಳಿಗ್ಗೆ ಹೊತ್ತು ಒಳ್ಳೆಯದು. ಸಂಜೆ ಹೊತ್ತಿಗೆ, ಅದರಲ್ಲೂ ಹಾವೇರಿಯಿಂದ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂತು ಬಂದ ದಿನ, ಕಾಲು ಬಾತಿರುತ್ತದೆ. ಜ್ವರ ಇದ್ದರೆ, ಕೀಲುನೋವು ಜೋರಾಗಿದ್ದರೆ ಮುಂದೂಡಿ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದಿದ್ದರೆ ಮಾತ್ರ ಮುಂದೂಡಬೇಡಿ. ಮೊದಲ ವಾರದಲ್ಲೇ ಟೇಪ್ ಅಳತೆ ತೆಗೆದಿಡಿ. ಹಾಸಿಗೆ ಹಿಡಿದ ಕೆಲವೇ ದಿನಗಳಲ್ಲಿ ವಯಸ್ಸಾದವರ ಕಾಲಿನ ಸ್ನಾಯು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ.

## ಹಂತ 1: ಐದು ಪ್ರಶ್ನೆ ಕೇಳಿ

ವೈದ್ಯರು ಇದನ್ನು ಸಾರ್ಕ್-ಎಫ್ ಎನ್ನುತ್ತಾರೆ. ಪ್ರತಿ ಪ್ರಶ್ನೆಗೆ 0, 1 ಅಥವಾ 2 ಅಂಕ. ತೊಂದರೆ ಇಲ್ಲ ಅಂದರೆ 0, ಸ್ವಲ್ಪ ಇದೆ ಅಂದರೆ 1, ಬಹಳ ಇದೆ ಅಥವಾ ಆಗುವುದೇ ಇಲ್ಲ ಅಂದರೆ 2.

1. ನಾಲ್ಕೂವರೆ ಕಿಲೋ ಭಾರ ಎತ್ತಿ ಒಯ್ಯಲು ಕಷ್ಟವಾ? ಗಿರಣಿಯಿಂದ ತರುವ ಜೋಳದ ಹಿಟ್ಟಿನ ಐದು ಕಿಲೋ ಚೀಲ ಅಂದುಕೊಳ್ಳಿ.
2. ಒಂದು ಕೋಣೆಯ ಈ ಕಡೆಯಿಂದ ಆ ಕಡೆ ನಡೆಯಲು ಕಷ್ಟವಾ? ಕೋಲು ಹಿಡಿದರೆ 2.
3. ಕುರ್ಚಿ ಅಥವಾ ಮಂಚದಿಂದ ಏಳಲು ಕಷ್ಟವಾ?
4. ಹತ್ತು ಮೆಟ್ಟಿಲು ಹತ್ತಲು ಕಷ್ಟವಾ?
5. ಹೋದ ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದಿದ್ದಾರೆ? ಬಿದ್ದಿಲ್ಲ ಅಂದರೆ 0, ಒಂದರಿಂದ ಮೂರು ಸಲ 1, ನಾಲ್ಕು ಅಥವಾ ಹೆಚ್ಚು ಸಲ 2.

ಒಟ್ಟು 4 ಅಥವಾ ಜಾಸ್ತಿ ಬಂದರೆ ಸ್ನಾಯುಬಲದ ಬಗ್ಗೆ ಅನುಮಾನ ಪಡಬೇಕು.

ಇಲ್ಲಿ ಆಗುವ ದೊಡ್ಡ ತಪ್ಪು ಎಂದರೆ ಮಗನೋ ಸೊಸೆಯೋ ಉತ್ತರ ಹೇಳುವುದು. ಎರಡನೆಯದು, ಅಜ್ಜನ "ಏನಾಗೇದ ನನಗ? ಗಟ್ಟಿಮುಟ್ಟ ಅದೇನಿ" ಎಂಬ ಮಾತನ್ನು ಹಾಗೇ ಬರೆದುಕೊಳ್ಳುವುದು. ಬಿದ್ದದ್ದನ್ನು ಹಿರಿಯರು ಮುಚ್ಚಿಡುತ್ತಾರೆ, ಹೊರಗೆ ಹೋಗಲು ಬಿಡುವುದಿಲ್ಲ ಎಂಬ ಹೆದರಿಕೆ. ಹಾಗಾಗಿ "ಬಿದ್ದಿದ್ದಿರಾ?" ಎನ್ನಬೇಡಿ. "ಬಚ್ಚಲದಾಗ ಎಂದಾದರೂ ಕಾಲು ಜಾರಿತ್ತಾ?" ಎಂದು ಕೇಳಿ. ಉತ್ತರ ಬೇರೆ ಬರುತ್ತದೆ.

## ಹಂತ 2: ಬಾವು ಇದೆಯಾ ನೋಡಿ

ಇದನ್ನು ಬಿಟ್ಟರೆ ಮುಂದಿನ ಹಂತ ದಂಡ.

ಪಾದದ ಗಂಟಿನ ಸ್ವಲ್ಪ ಮೇಲೆ, ಮುಂಗಾಲಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಹತ್ತು ಎಣಿಸಿ ಬಿಡಿ. ಚರ್ಮ ಕೂಡಲೇ ಮೊದಲಿನಂತೆ ಆದರೆ ಸರಿ. ಗುಳಿ ಉಳಿದರೆ ಒಳಗೆ ನೀರು ತುಂಬಿದೆ. ಆ ಫೋಟೊದ ಅಪ್ಪಾರ ಮನೆಗೆ ಹೋಗಿ ಒತ್ತಿದಾಗ ಹುಣಸೆ ಬೀಜ ಕೂರುವಷ್ಟು ಗುಳಿ ಬಿತ್ತು. ಚಹಾ ಕುಡಿದು ಲೋಟ ಇಡುವವರೆಗೂ ಅದು ತುಂಬಲಿಲ್ಲ.

ಮಾರನೇ ದಿನ ಬೆಳಿಗ್ಗೆ ಬರಿಗಾಲಿಗೆ ಅಳೆದರೆ 35.5. ಡಾಕ್ಟರ್ ನೋಡಿ ಮಾತ್ರೆ ಬದಲಿಸಿ, ಬಾವು ಪೂರ್ತಿ ಇಳಿದ ಮೇಲೆ 31.8. ನಿಜವಾದ ಕಾಲು ಅದು.

ಬಾವು ಇದ್ದರೆ ಮೀನಖಂಡದ ಅಳತೆಯ ಮುಂದೆ "ಬಾವು" ಎಂದು ಬರೆಯಿರಿ, ಆ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಂಥವರಲ್ಲಿ ತೋಳಿನ ಅಳತೆ, ಕುರ್ಚಿ ಪರೀಕ್ಷೆ ನಂಬಿ. ಹೃದಯ, ಕಿಡ್ನಿ, ಲಿವರ್ ತೊಂದರೆಯಲ್ಲಿ ಕಾಲು ಬಾಯುತ್ತದೆ. ಬಿಪಿಗೆ ಕೊಡುವ ಅಮ್ಲೊಡಿಪಿನ್ ಮಾತ್ರೆಯಿಂದಲೂ ಕೆಲವರಿಗೆ ಪಾದ ಬಾಯುತ್ತದೆ. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಆನೆಕಾಲು, ಉಬ್ಬಿದ ನರ ಇರುವ ಕಾಲನ್ನು ಅಳೆದೂ ಉಪಯೋಗ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಒಂದೇ ಕಾಲು ಹೊಸದಾಗಿ ಬಾತು, ನೋವು ಅಥವಾ ಬಿಸಿ ಇದ್ದರೆ ಅಳತೆ ಅಲ್ಲಿಗೇ ನಿಲ್ಲಿಸಿ. ನರದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಜೊತೆಗೆ ಉಸಿರು ಕಟ್ಟಿದಂತೆ ಆದರೆ 108ಕ್ಕೆ ಫೋನ್ ಮಾಡಿ.

## ಹಂತ 3: ಮೀನಖಂಡ ಅಳೆಯಿರಿ

ಮೊಣಕಾಲಿನ ಕೆಳಗೆ, ಹಿಂಬದಿ ಉಬ್ಬಿದ ಮಾಂಸಖಂಡವೇ ಮೀನಖಂಡ. ಇಲ್ಲಿ ಕೊಬ್ಬು ಹೊಟ್ಟೆಯಷ್ಟು ಕೂಡುವುದಿಲ್ಲ. ಅದಕ್ಕೇ ಮೈಯ ಒಟ್ಟು ಸ್ನಾಯುವಿನ ಅಂದಾಜಿಗೆ ಈ ಜಾಗ ಹಿಡಿದಿದ್ದಾರೆ.

ಕೂರಿಸುವುದು. ಕುರ್ಚಿ ಮೇಲೆ ಕೂರಿಸಿ. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿರಬೇಕು. ಮೊಣಕಾಲು ಲಂಬಕೋನದಲ್ಲಿ ಮಡಿಚಿರಬೇಕು. ಧೋತರ, ಸೀರೆ, ಪೈಜಾಮ ಮೊಣಕಾಲಿನ ಮೇಲಕ್ಕೆ ಸರಿಸಿ. ಮೇಲೆ ಸರಿಸಿದ ಬಟ್ಟೆ ಕಾಲನ್ನು ಬಿಗಿಯಬಾರದು. ಸಾಕ್ಸ್ ಹಾಕಿದ್ದರೆ ತೆಗೆದು ಸ್ವಲ್ಪ ಹೊತ್ತು ಬಿಡಿ. ನಿಲ್ಲಿಸಿಯೂ ಅಳೆಯಬಹುದು, ಭಾರ ಎರಡೂ ಕಾಲಿನ ಮೇಲೆ ಸಮ ಇರಬೇಕು. ಆದರೆ ಒಮ್ಮೆ ಕೂರಿಸಿ ಅಳೆದರೆ ಮುಂದೆ ಯಾವಾಗಲೂ ಕೂರಿಸಿಯೇ ಅಳೆಯಿರಿ. ನಿಂತಾಗ ಸ್ನಾಯು ಬಿಗಿದು ಅಳತೆ ಬದಲಾಗುತ್ತದೆ.

ದಪ್ಪ ಜಾಗ ಹುಡುಕುವುದು. ಕಣ್ಣಂದಾಜಿನಲ್ಲಿ ಒಂದೇ ಕಡೆ ಸುತ್ತಿ ಬಿಡುವುದು ಎಲ್ಲರೂ ಮಾಡುವ ತಪ್ಪು. ದಪ್ಪ ಕಂಡ ಕಡೆ ಮೊದಲು ಅಳೆಯಿರಿ. ಎರಡು ಬೆರಳು ಮೇಲೆ ಸರಿಸಿ ಅಳೆಯಿರಿ. ಎರಡು ಬೆರಳು ಕೆಳಗೆ ಸರಿಸಿ ಅಳೆಯಿರಿ. ಎಲ್ಲಕ್ಕಿಂತ ದೊಡ್ಡದು ಬಂದ ಜಾಗಕ್ಕೆ ಪೆನ್ನಿನಲ್ಲಿ ಚುಕ್ಕೆ ಇಡಿ. ಹಿಮ್ಮಡಿ ಊರಿದ ನೆಲದಿಂದ ಆ ಚುಕ್ಕೆಗೆ ಎಷ್ಟು ಸೆಂ.ಮೀ. ಎತ್ತರ ಎಂಬುದನ್ನೂ ವಹಿಯಲ್ಲಿ ಬರೆಯಿರಿ. ಮುಂದಿನ ಸಲ ಹುಡುಕಾಟ ಬೇಡ.

ಟೇಪ್ ಹಿಡಿಯುವುದು. ಟೇಪ್ ನೆಲಕ್ಕೆ ಸಮಾಂತರ ಇರಬೇಕು. ಹಿಂದೆ ಇಳಿದು ಮುಂದೆ ಏರಿದ್ದರೆ ಅಳತೆ ಜಾಸ್ತಿ ಬರುತ್ತದೆ. ಹಿಂಬದಿ ನೋಡಲು ಆ ಇನ್ನೊಬ್ಬರಿಗೆ ಹೇಳಿ. ಬಿಗಿ ಎಷ್ಟಿರಬೇಕು? ಚರ್ಮಕ್ಕೆ ತಾಗಬೇಕು, ಚರ್ಮ ಒಳಗೆ ಹೋಗಬಾರದು. ಟೇಪ್ ತೆಗೆದ ಮೇಲೆ ಗೆರೆ ಮೂಡಿದ್ದರೆ ಬಿಗಿ ಹೆಚ್ಚಾಗಿದೆ, ಮತ್ತೆ ಅಳೆಯಿರಿ. ತುದಿಯ ಲೋಹದ ತುಂಡನ್ನು ನೋಡಿಕೊಳ್ಳಿ. ಕೆಲವು ಟೇಪಿನಲ್ಲಿ ಸೊನ್ನೆ ಅದರ ತುದಿಯಿಂದಲೇ ಶುರು, ಕೆಲವದರಲ್ಲಿ ಅಲ್ಲ.

ಎರಡೂ ಕಾಲು ಅಳೆಯಿರಿ, ಪ್ರತಿಯೊಂದನ್ನು ಎರಡೆರಡು ಸಲ. ಎರಡು ಸಲದ ನಡುವೆ ಅರ್ಧ ಸೆಂ.ಮೀ.ಗಿಂತ ಜಾಸ್ತಿ ಫರಕು ಬಂದರೆ ಮೂರನೇ ಸಲ ಅಳೆಯಿರಿ. ಎರಡು ಕಾಲಿನಲ್ಲಿ ದೊಡ್ಡದು ಯಾವುದೋ ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಎರಡು ಕಾಲುಗಳ ನಡುವೆ 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಮೇಲಿನ ಎಚ್ಚರಿಕೆಯನ್ನು ಮತ್ತೊಮ್ಮೆ ಓದಿ. ಹಳೆಯ ಪೋಲಿಯೊ, ಪಾರ್ಶ್ವವಾಯು, ಮುರಿದು ಕೂಡಿದ ಕಾಲು ಇದ್ದರೆ ಈ ವ್ಯತ್ಯಾಸ ಮೊದಲಿನಿಂದಲೂ ಇರುತ್ತದೆ, ಅದು ಬೇರೆ ಮಾತು.

ಸಂಖ್ಯೆ ಓದುವುದು. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಗೊತ್ತು ಮಾಡಿದ ಗಡಿ ಹೀಗಿದೆ: ಗಂಡಸರಲ್ಲಿ 34 ಸೆಂ.ಮೀ.ಗಿಂತ ಕಡಿಮೆ, ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಮುಂದಿನ ಪರೀಕ್ಷೆ ಬೇಕು. ಹಿರಿಯರ ಪೋಷಣೆ ಅಳೆಯುವ ಎಂಎನ್ಎ ಪಟ್ಟಿಯಲ್ಲಿ 31ಕ್ಕಿಂತ ಕಡಿಮೆ ಇದ್ದರೆ ಅಂಕ ಕಳೆಯುತ್ತಾರೆ.

ನನ್ನ ಅನುಭವದಲ್ಲಿ, ಗದಗ-ಬೆಟಗೇರಿಯ ನೇಕಾರರ ಮನೆಗಳಲ್ಲಿ, ಹೊಲದಲ್ಲಿ ದುಡಿದ ಸಣ್ಣ ಮೈಕಟ್ಟಿನ ಹೆಂಗಸರಲ್ಲಿ 32, 31 ಸಾಮಾನ್ಯ. ಅವರಲ್ಲಿ ಕೆಲವರು ಇವತ್ತಿಗೂ ಚುರುಕಾಗಿ ಓಡಾಡುತ್ತಾರೆ. ಹಾಗಾಗಿ ಒಂದು ದಿನದ 32ಕ್ಕೆ ಹೆದರಬೇಡಿ. ಹೋದ ವರ್ಷ 34 ಇದ್ದದ್ದು ಈಗ 32 ಆಗಿದ್ದರೆ ಸುಮ್ನೆ ಕೂರಬೇಡಿ.

ದಪ್ಪ ಇರುವವರಿಗೆ ಬೇರೆ ಲೆಕ್ಕ. ಕಾಲಿನಲ್ಲೂ ಸ್ವಲ್ಪ ಕೊಬ್ಬು ಇರುವುದರಿಂದ ಅಳತೆ ಮೋಸ ಮಾಡುತ್ತದೆ. ಬಿಎಂಐ 25ರಿಂದ 30ರ ಒಳಗೆ ಇದ್ದರೆ ಅಳತೆಯಿಂದ 3 ಸೆಂ.ಮೀ. ಕಳೆಯಿರಿ, 30ರಿಂದ 40ರ ಒಳಗೆ ಇದ್ದರೆ 7 ಕಳೆಯಿರಿ. ಇದು ಅಮೆರಿಕದ ಜನರ ಅಳತೆಗಳಿಂದ ಬಂದ ಲೆಕ್ಕ, ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ಬಿಎಂಐ ಎಂದರೆ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸುವುದು. 65 ಕಿಲೋ ತೂಕ, 1.52 ಮೀಟರ್ ಎತ್ತರದ ಹೆಂಗಸಿಗೆ ಸುಮಾರು 28. ಅವರ ಮೀನಖಂಡ ಟೇಪಿನಲ್ಲಿ 35.5 ಬಂದರೂ ಲೆಕ್ಕದಲ್ಲಿ 32.5, ಅಂದರೆ ಗಡಿಯ ಕೆಳಗೆ.

ಟೇಪ್ ಇಲ್ಲದಿದ್ದರೆ. ಜಪಾನಿನಲ್ಲಿ ಬಳಸುವ ಒಂದು ಸುಲಭದ ಉಪಾಯ ಇದೆ. ಎರಡೂ ಕೈಗಳ ಹೆಬ್ಬೆರಳು, ತೋರುಬೆರಳು ಕೂಡಿಸಿ ಉಂಗುರ ಮಾಡಿ ಮೀನಖಂಡದ ದಪ್ಪ ಜಾಗಕ್ಕೆ ಸುತ್ತಬೇಕು. ಬೆರಳು ಕೂಡದಿದ್ದರೆ ಒಳ್ಳೆಯದು. ಕೂಡಿದ ಮೇಲೂ ಒಳಗೆ ಸಂದು ಉಳಿದರೆ ಸ್ನಾಯು ಕಡಿಮೆ ಇರುವ ಅನುಮಾನ. ಆ ಬೆರಳು ಹಿರಿಯರದೇ ಆಗಿರಬೇಕು! ಮಗ ತನ್ನ ಉದ್ದ ಬೆರಳಿನಿಂದ ಅವ್ವನ ಕಾಲು ಸುತ್ತಿ "ಸಂದು ಉಳೀತು" ಎಂದರೆ ಅದಕ್ಕೆ ಅರ್ಥವಿಲ್ಲ.

## ಹಂತ 4: ತೋಳು

ಬಲಗೈ ಬಳಸುವವರಿಗೆ ಎಡ ತೋಳು. ಡಯಾಲಿಸಿಸ್‌ಗೆ ನರ ಜೋಡಿಸಿದ ಕೈ, ಪಾರ್ಶ್ವವಾಯು ಹೊಡೆದ ಕೈ ಬೇಡ.

ಮೊಣಕೈ ಮಡಿಸಿ, ಭುಜದ ತುದಿ ಎಲುಬಿನಿಂದ ಮೊಣಕೈ ತುದಿಗೆ ಹಿಂಬದಿಯಿಂದ ಉದ್ದ ಅಳೆದು ನಡುವಿಗೆ ಚುಕ್ಕೆ ಇಡಿ. ಆಮೇಲೆ ಕೈ ಇಳಿಬಿಡಲು ಹೇಳಿ, ಚುಕ್ಕೆಯ ಮೇಲೆ ಟೇಪ್ ಸುತ್ತಿ. ಮಡಿಸಿದ ಕೈಯಲ್ಲೇ ಸುತ್ತಳತೆ ತೆಗೆಯುವುದು ಇಲ್ಲಿನ ಮಾಮೂಲಿ ತಪ್ಪು, ಉಬ್ಬಿದ ರೆಟ್ಟೆಯೂ ಸೇರಿ ಅಳತೆ ಹೆಚ್ಚು ಬರುತ್ತದೆ. 23.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಮೈತೂಕವೇ ಕಡಿಮೆ ಇರುವ ಸಾಧ್ಯತೆ ಹೆಚ್ಚು. 21ಕ್ಕಿಂತ ಕಡಿಮೆ ಇದ್ದರೆ ಡಾಕ್ಟರಿಗೆ ತೋರಿಸಿ.

ಹಾಸಿಗೆ ಹಿಡಿದವರಿಗೆ, ನಿಲ್ಲಲು ಆಗದವರಿಗೆ ಈ ಅಳತೆ ಬಹಳ ಉಪಯೋಗ.

## ಹಂತ 5: ತೂಕ, ಎತ್ತರ, ಸೊಂಟ

ತೂಕವನ್ನು ಬೆಳಿಗ್ಗೆ, ಸಂಡಾಸಕ್ಕೆ ಹೋಗಿ ಬಂದ ಮೇಲೆ, ಚಹಾಕ್ಕೂ ಮೊದಲು ನೋಡಿ. ಯಂತ್ರವನ್ನು ಜಮಖಾನೆ ಮೇಲೆ ಇಡಬೇಡಿ. ಹಳೆಯ ಮನೆಗಳ ಫರ್ಸಿ ಕಲ್ಲು ಏರುಪೇರು ಇರುತ್ತದೆ, ಅಲುಗದ ಜಾಗ ಹುಡುಕಿ ಅಲ್ಲೇ ಯಾವಾಗಲೂ ಇಡಿ. ಪ್ರಯತ್ನ ಪಡದೆ ಆರು ತಿಂಗಳಲ್ಲಿ ನೂರಕ್ಕೆ 5ರಷ್ಟು ಇಳಿದರೆ ಅದು ಎಚ್ಚರಿಕೆ. 60 ಕಿಲೋದವರಿಗೆ 3 ಕಿಲೋ. "ಸಕ್ಕರಿ ಬಿಟ್ಟಾರ, ಅದಕ್ಕ ಸಣ್ಣ ಆಗ್ಯಾರ" ಎಂದು ಮನೆಯವರೇ ಸಮಾಧಾನ ಹೇಳಿಕೊಳ್ಳುವುದನ್ನು ಬಹಳ ಕಡೆ ಕೇಳಿದ್ದೇನೆ.

ಎತ್ತರವನ್ನು ಅವರು ಬಾಯಲ್ಲಿ ಹೇಳಿದ ಹಾಗೆ ಬರೆಯಬೇಡಿ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಅಳೆಯಿರಿ. ಹರೆಯದ ಎತ್ತರಕ್ಕಿಂತ 4 ಸೆಂ.ಮೀ.ಗಿಂತ ಜಾಸ್ತಿ ಕುಗ್ಗಿದ್ದರೆ, ಬೆನ್ನು ಬಾಗಿದ್ದರೆ, ಬೆನ್ನೆಲುಬು ಸವೆದು ಕುಸಿದಿರಬಹುದು. ಅದನ್ನೂ ಡಾಕ್ಟರಿಗೆ ಹೇಳಿ.

ಸೊಂಟವನ್ನು ಧೋತರ ಕಟ್ಟುವ ಜಾಗದಲ್ಲಿ ಅಳೆಯಬಾರದು. ಪಕ್ಕೆಲುಬಿನ ಕೆಳತುದಿ, ಸೊಂಟದ ಎಲುಬಿನ ಮೇಲ್ತುದಿ, ಇವೆರಡರ ನಡುವೆ, ಉಸಿರು ಸಹಜವಾಗಿ ಬಿಟ್ಟಾಗ ಅಳೆಯಿರಿ. ಭಾರತೀಯರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಹೊಟ್ಟೆಯ ಕೊಬ್ಬು ಜಾಸ್ತಿ. ಸೊಂಟ ಏರುತ್ತಾ ಮೀನಖಂಡ ಇಳಿಯುತ್ತಿದ್ದರೆ, ನನ್ನ ಅವ್ವನ ಜಂಪರ್ ಕಥೆ ಅದೇ.

## ಹಂತ 6: ಕುರ್ಚಿಯಿಂದ ಐದು ಸಲ ಎದ್ದು ಕೂರುವುದು

ಟೇಪ್ ಸ್ನಾಯು ಎಷ್ಟಿದೆ ಎಂದು ಹೇಳುತ್ತದೆ. ಅದು ಕೆಲಸ ಮಾಡುತ್ತದಾ ಎಂಬುದು ಕುರ್ಚಿಯಲ್ಲಿ ತಿಳಿಯುತ್ತದೆ. ಒಂದೇ ಒಂದು ಪರೀಕ್ಷೆ ಮಾಡಲು ಪುರುಸೊತ್ತಿದೆ ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಯಾರಿಗೆ ಬೇಡ: ಇತ್ತೀಚೆಗೆ ಮೊಣಕಾಲು, ಸೊಂಟದ ಆಪರೇಷನ್ ಆದವರು, ಎದ್ದಾಗ ತಲೆ ತಿರುಗುವವರು, ಎದೆನೋವು ಇರುವವರು.

1. ಸುಮಾರು 45 ಸೆಂ.ಮೀ. ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ, ನಯ ನೆಲದ ಮೇಲೆ ಜಾರುತ್ತದೆ. ಸೋಫಾ ಕೂಡ ಬೇಡ.
2. ಬರಿಗಾಲು ಅಥವಾ ಜಾರದ ಚಪ್ಪಲಿ. ಸೀರೆ ನೆರಿಗೆ, ಧೋತರದ ಅಂಚು ಕಾಲಿಗೆ ಸಿಗದಂತೆ ಸಿಕ್ಕಿಸಿ.
3. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಲು ಹೇಳಿ. ಮೊದಲು ಒಂದೇ ಸಲ ಏಳಿಸಿ ನೋಡಿ. ಕೈ ಊರದೆ ಏಳಲು ಆಗದಿದ್ದರೆ ಅಲ್ಲಿಗೇ ನಿಲ್ಲಿಸಿ, "ಆಗಲಿಲ್ಲ" ಎಂದು ಬರೆಯಿರಿ. ಅದೇ ಉತ್ತರ, ಮತ್ತೆ ಮತ್ತೆ ಪ್ರಯತ್ನ ಬೇಡ.
4. ಆದರೆ, "ಶುರು" ಅಂದ ಕೂಡಲೇ ಸ್ಟಾಪ್‌ವಾಚ್ ಒತ್ತಿ. ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಐದು ಸಲ ಪೂರ್ತಿ ಎದ್ದು ಕೂರಬೇಕು. ಐದನೇ ಸಲ ನೆಟ್ಟಗೆ ನಿಂತಾಗ ನಿಲ್ಲಿಸಿ.

12 ಸೆಕೆಂಡ್ ಅಥವಾ ಜಾಸ್ತಿ ಬಂದರೆ ಏಷ್ಯಾದ ಲೆಕ್ಕದಲ್ಲಿ ನಿಧಾನ. ಯುರೋಪಿನವರು 15 ಸೆಕೆಂಡ್ ದಾಟಿದರೆ ಮಾತ್ರ ನಿಧಾನ ಎನ್ನುತ್ತಾರೆ. ಮೊಣಕಾಲು ಸವೆದವರಿಗೆ ನೋವಿನಿಂದಲೂ ಹೊತ್ತು ಹಿಡಿಯುತ್ತದೆ. "ನೋವಿಗೆ ನಿಂತರಾ, ಬಲ ಇಲ್ಲದೆ ನಿಂತರಾ" ಎಂದು ಕೇಳಿ ಅದನ್ನೂ ಬರೆಯಿರಿ, ಡಾಕ್ಟರಿಗೆ ಈ ಒಂದು ಸಾಲು ಬಹಳ ಕೆಲಸಕ್ಕೆ ಬರುತ್ತದೆ.

ನೋಡುವವರು ಮಾಡುವ ತಪ್ಪು: ಅರ್ಧ ಎದ್ದು ಕೂತದ್ದನ್ನೂ ಎಣಿಸುವುದು. ಪಕ್ಕದಲ್ಲಿ ನಿಂತು ರೆಟ್ಟೆ ಹಿಡಿದು ಎತ್ತುವುದು. ಪ್ರೀತಿಯಿಂದ ಎತ್ತುತ್ತಾರೆ, ಆದರೆ ಅಳತೆ ಹೋಯಿತು.

## ಹಂತ 7: 6 ಮೀಟರ್ ನಡಿಗೆ

ಪಡಸಾಲೆ ಸಾಲದಿದ್ದರೆ ಮಾಳಗಿ ಮೇಲೆ ಅಥವಾ ಗುಡಿಯ ಪೌಳಿಯಲ್ಲಿ ಮಾಡಿ. 6 ಮೀಟರಿನ ಎರಡೂ ತುದಿಗೆ ಸುಣ್ಣದ ಗೆರೆ ಎಳೆಯಿರಿ. ಗೆರೆಗಿಂತ ನಾಲ್ಕು ಹೆಜ್ಜೆ ಹಿಂದಿನಿಂದ ನಡೆಯಲು ಹೇಳಿ, ಆ ಕಡೆ ಗೆರೆ ದಾಟಿಯೂ ನಾಲ್ಕು ಹೆಜ್ಜೆ ಹೋಗಲಿ. ಎರಡು ಗೆರೆಗಳ ನಡುವಿನ ಹೊತ್ತು ಮಾತ್ರ ಎಣಿಸಿ. 6 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ನಡಿಗೆ ನಿಧಾನವಾಗಿದೆ ಎಂದರ್ಥ.

ಪರೀಕ್ಷೆ ಎಂದ ಕೂಡಲೇ ಅಜ್ಜಂದಿರು ಬಸ್ ತಪ್ಪುತ್ತದೇನೋ ಎಂಬಂತೆ ದಾಪುಗಾಲು ಹಾಕುತ್ತಾರೆ. "ದಿನಾ ಗುಡಿಗೆ ಹೋದಂಗ ನಡೀರಿ" ಎಂದು ಹೇಳಿ. ನೀವು ಮುಂದೆ ನಡೆಯಬೇಡಿ, ನಿಮ್ಮ ವೇಗ ಅವರಿಗೆ ಅಂಟುತ್ತದೆ. ಅರ್ಧ ಹೆಜ್ಜೆ ಹಿಂದೆ, ಪಕ್ಕಕ್ಕೆ ಇರಿ. ಕೋಲು ಬಳಸುವವರು ಕೋಲು ಹಿಡಿದೇ ನಡೆಯಲಿ.

## ಕೈಹಿಡಿತ

ಇದಕ್ಕೆ ಡೈನಮೋಮೀಟರ್, ಅಂದರೆ ಹಿಡಿತದ ಬಲ ಅಳೆಯುವ ಉಪಕರಣ ಬೇಕು, ಫಿಸಿಯೋಥೆರಪಿ ವಿಭಾಗಗಳಲ್ಲಿ ಕೇಳಿ. ಗಂಡಸರಲ್ಲಿ 28 ಕಿಲೋ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆ ಇದ್ದರೆ ಹಿಡಿತ ಕುಂದಿದೆ. ವ್ಯಾಯಾಮಕ್ಕೆ ಮಾರುವ ಸ್ಪ್ರಿಂಗ್ ಹಿಡಿಕೆ ಏನನ್ನೂ ಅಳೆಯುವುದಿಲ್ಲ. ಮನೆಯಲ್ಲಿ ಗಮನಿಸಬೇಕಾದ್ದು ಬೇರೆ: ಒದ್ದೆ ಬಟ್ಟೆ ಹಿಂಡಿದ ಮೇಲೂ ನೀರು ತೊಟ್ಟಿಕ್ಕುತ್ತದಾ? ಜೋಳದ ಹಿಟ್ಟು ನಾದುವುದನ್ನು ಅವ್ವ ಸದ್ದಿಲ್ಲದೆ ಸೊಸೆಗೆ ದಾಟಿಸಿದ್ದಾಳಾ?

## ಹಂತ 8: ಬರೆದಿಟ್ಟು ಹೋಲಿಸುವುದು

ದಿನಾಂಕ, ಹೊತ್ತು, ಯಾವ ಕಾಲು, ಕೂತೋ ನಿಂತೋ, ಬಾವು ಇದೆಯೋ ಇಲ್ಲವೋ, ಯಾರು ಅಳೆದರು. ಈ ಆರು ಇಲ್ಲದ ಸಂಖ್ಯೆ ಮುಂದಿನ ಸಲ ಉಪಯೋಗಕ್ಕೆ ಬರುವುದಿಲ್ಲ. ಆದಷ್ಟು ಅಳೆಯುವವರು ಒಬ್ಬರೇ ಆಗಿರಲಿ. ಮಗಳದ್ದು ಸಡಿಲ ಕೈ, ಅಳಿಯನದ್ದು ಬಿಗಿ ಕೈ ಎಂದಾದರೆ ಅಲ್ಲೇ ಒಂದು ಸೆಂ.ಮೀ. ಹೋಯಿತು.

ಅರ್ಧ ಸೆಂ.ಮೀ. ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅದು ಕೈಯ ವ್ಯತ್ಯಾಸ. ಒಂದು ಸೆಂ.ಮೀ.ಗಿಂತ ಹೆಚ್ಚು ಇಳಿದಿದ್ದರೆ ಒಂದು ವಾರ ಬಿಟ್ಟು ಮತ್ತೆ ಅಳೆದು ಖಾತ್ರಿ ಮಾಡಿಕೊಳ್ಳಿ. ಮೂರು ತಿಂಗಳಿಗೊಮ್ಮೆ ಅಳೆದರೆ ಸಾಕು. ವಾರವಾರ ಅಳೆಯುವವರಿಗೆ ಕಳವಳ ಬಿಟ್ಟು ಬೇರೇನೂ ಸಿಗುವುದಿಲ್ಲ.

## ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು

ಮೀನಖಂಡ ಕಡಿಮೆ, ಜೊತೆಗೆ ಕುರ್ಚಿ ಪರೀಕ್ಷೆಯೂ ನಿಧಾನ. ಐದು ಪ್ರಶ್ನೆಗೆ 4 ಅಥವಾ ಹೆಚ್ಚು ಅಂಕ. ಆರು ತಿಂಗಳಲ್ಲಿ ನೂರಕ್ಕೆ 5ರಷ್ಟು ತೂಕ ಇಳಿಕೆ. ವರ್ಷದಲ್ಲಿ ಎರಡು ಸಲ ಬಿದ್ದದ್ದು. ಇವುಗಳಲ್ಲಿ ಯಾವುದೇ ಒಂದು ಇದ್ದರೂ ವಹಿ ಹಿಡಿದು ಹೋಗಿ. ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಎನ್ನುತ್ತಿದ್ದ ಕೆಎಂಸಿಆರ್‌ಐ ಸರಕಾರಿ ಆಸ್ಪತ್ರೆ, ಧಾರವಾಡ ಮತ್ತು ಹಾವೇರಿ ಜಿಲ್ಲಾ ಆಸ್ಪತ್ರೆ, ಗದಗದ ಸರಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ, ಎಲ್ಲಿ ಹೋದರೂ ಮೊದಲು ಮೆಡಿಸಿನ್ ವಿಭಾಗಕ್ಕೆ ತೋರಿಸಿ. "ಸುಸ್ತು" ಎಂದಷ್ಟೇ ಹೇಳಬೇಡಿ. "ಮೀನಖಂಡ 34 ಇದ್ದದ್ದು 32 ಆಗಿದೆ, ಕುರ್ಚಿಯಿಂದ ಏಳಲು 17 ಸೆಕೆಂಡ್ ಹಿಡಿಯುತ್ತದೆ" ಎನ್ನಿ. ಸಾರ್ಕೊಪೀನಿಯಾ, ಅಂದರೆ ವಯಸ್ಸಿನ ಜೊತೆ ಸ್ನಾಯು ಮತ್ತು ಬಲ ಕುಂದುವ ಕಾಯಿಲೆ, ಎಂದು ಖಚಿತ ಮಾಡಲು ಮೈಯ ಸ್ನಾಯು ಎಷ್ಟೆಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಅಥವಾ ಬಿಐಎ ಯಂತ್ರದ ಅಳತೆ ಬೇಕು, ಅದನ್ನು ಟೇಪ್ ಮಾಡಲಾರದು. ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ, ಕ್ಯಾನ್ಸರ್‌ನಲ್ಲೂ ಮೈ ಸೊರಗುತ್ತದೆ. ವಯಸ್ಸಾಯ್ತು ಬಿಡಿ ಎಂದು ಮನೆಯಲ್ಲೇ ತೀರ್ಮಾನ ಮಾಡಬೇಡಿ.

ಕಾಲು ಅಥವಾ ಕೈ ಒಮ್ಮೆಲೇ ಸೋತರೆ, ಬಾಯಿ ಒಂದು ಕಡೆ ಎಳೆದರೆ ಅದು ಪಾರ್ಶ್ವವಾಯು ಇರಬಹುದು. ಟೇಪ್ ಹುಡುಕಬೇಡಿ, ಆಂಬುಲೆನ್ಸ್ ಕರೆಯಿರಿ.

## ಅಳತೆ ಕಡಿಮೆ ಬಂದಿದೆ, ಡಾಕ್ಟರ್ ನೋಡುವವರೆಗೆ ಏನು ಮಾಡುವುದು?

ತಾಟು ನೋಡಿ. ಹಲ್ಲು ಬಿದ್ದ ಮೇಲೆ ರೊಟ್ಟಿ, ಕಾಳುಪಲ್ಯ ಬಿಟ್ಟು ರಾತ್ರಿ ಬರೀ ಅನ್ನ-ಸಾರಿಗೆ ಬಂದಿರುತ್ತಾರೆ. ವಯಸ್ಸಾದವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಎಂದು ತಜ್ಞರು ಹೇಳುತ್ತಾರೆ. 50 ಕಿಲೋದವರಿಗೆ 50ರಿಂದ 60 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ, ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ. ಹೆಸರುಕಾಳು ಮೆತ್ತಗೆ ಬೇಯಿಸಿ ಕಿವುಚಿ ಕೊಡಿ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಿ, ಶೇಂಗಾ ಹಿಂಡಿಯನ್ನು ಮೊಸರಿನಲ್ಲಿ ಕಲಸಿ ಕೊಡಿ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ. ಡಬ್ಬಿ ಪೌಡರಿಗೆ ದುಡ್ಡು ಸುರಿಯುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ ಎಂದು ನಾನು ಹೇಳುತ್ತೇನೆ.

ವಾಕಿಂಗ್ ಒಂದೇ ಸಾಲದು. ಉಣಕಲ್ ಕೆರೆ ಸುತ್ತ ದಿನಾ ಅಡ್ಡಾಡುವವರೂ ಕುರ್ಚಿ ಪರೀಕ್ಷೆಯಲ್ಲಿ ಸೋತದ್ದನ್ನು ನೋಡಿದ್ದೇನೆ. ಸ್ನಾಯುವಿಗೆ ಭಾರ ಬೀಳಬೇಕು. ಡಾಕ್ಟರ್ ಬೇಡ ಅನ್ನದಿದ್ದರೆ ಅದೇ ಕುರ್ಚಿಯಿಂದ ಶುರು ಮಾಡಿ. ಎದ್ದು ಕೂರುವುದು ಎಂಟು ಸಲ, ವಿಶ್ರಾಂತಿ, ಮತ್ತೆ ಎಂಟು ಸಲ, ವಾರಕ್ಕೆ ಮೂರು ದಿನ. ಮೊದಮೊದಲು ಕೈ ಊರಲಿ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದನ್ನೂ ಸೇರಿಸಿ, ಅದು ನೇರ ಮೀನಖಂಡಕ್ಕೆ.

ಆ 38ರ ಅಪ್ಪಾರ ಮನೆಯಲ್ಲಿ ಅಳತೆ ಈಗ ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಇದೆ. ಮೂರು ತಿಂಗಳು ನೆನಪಿರುವುದಿಲ್ಲ ಎಂದು ಸೊಸೆ ಸಂಕ್ರಾಂತಿ, ಯುಗಾದಿ, ಪಂಚಮಿ, ದೀಪಾವಳಿ ಎಂದು ನಾಲ್ಕು ಹಬ್ಬ ಗುರುತು ಹಾಕಿದ್ದಾರೆ. ಹೋದ ಸಲ 32.6 ಇತ್ತು, ಕುರ್ಚಿಗೆ 14 ಸೆಕೆಂಡ್. ಪಂಚಮಿ ಎದುರಿಗೆ ಮಾತ್ರ "ಉಂಡಿ ತಿನ್ನೂಕಿಂತ ಮೊದಲ" ಎಂದು ಕೆಂಪು ಪೆನ್ನಿನಲ್ಲಿ ಬರೆದಿದೆ.